ಇಲ್ಲದ ನಿಲ್ದಾಣದಿಂದ ಹಾರಾಟ

ಅಮೆರಿಕದ ಷಿಕಾಗೋ ನಗರದ ಅಂಚಿನಲ್ಲಿ, ಮಿಷಿಗನ್ ಸರೋವರದೊಳಕ್ಕೆ ಚಾಚಿಕೊಂಡ ನೆಲದ ಪಟ್ಟಿಯೊಂದರ ಮೇಲೆ, ಮೇಗ್ಸ್ ಫೀಲ್ಡ್ ಎಂಬ ಪುಟ್ಟ ವಿಮಾನ ನಿಲ್ದಾಣವಿತ್ತು. 1948ರಲ್ಲಿ ತೆರೆದ ಆ ನಿಲ್ದಾಣಕ್ಕೆ ಇದ್ದುದು ಒಂದೇ ಓಡುದಾರಿ. ಅದರ ಉದ್ದ ಸುಮಾರು 3,900 ಅಡಿ. ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಮುಗಿಲು ಮುಟ್ಟುವ ಕಟ್ಟಡಗಳು. ಅದು ಸಣ್ಣ ವಿಮಾನಗಳ ತಾಣ. ಆದರೂ ಷಿಕಾಗೋ ನಗರವನ್ನು ಕನಸಿನಲ್ಲಿಯೂ ಕಾಣದ ಎಷ್ಟೋ ಜನ ಆ ಓಡುದಾರಿಯನ್ನು ತಮ್ಮ ಮನೆಯ ಅಂಗಳದಂತೆ ಬಲ್ಲವರಾಗಿದ್ದರು. ಇದಕ್ಕೆ ಕಾರಣ ಒಂದು ಆಟ. 1982ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ‘ಫ್ಲೈಟ್ ಸಿಮ್ಯುಲೇಟರ್’ ಎಂಬ ಹೆಸರಿನಲ್ಲಿ ವಿಮಾನ ನಡೆಸುವ ಅನುಭವವನ್ನು ಕಂಪ್ಯೂಟರಿನ ಪರದೆಯ ಮೇಲೆ ತಂದಿತು. ಅದನ್ನು ರಚಿಸಿದವರು ಬ್ರೂಸ್ ಆರ್ಟ್‌ವಿಕ್. ಮುಂದೆ ಬಹುಕಾಲ ಆ ಆಟದ ಆವೃತ್ತಿಗಳಲ್ಲಿ ಹಾರಾಟ ಮೊದಲಾಗುತ್ತಿದ್ದುದು ಮೇಗ್ಸ್ ನಿಲ್ದಾಣದಿಂದಲೇ.

2003ರ ಮಾರ್ಚ್ 30ರ ರಾತ್ರಿ, ನಗರದ ಮೇಯರರ ಆಜ್ಞೆಯಂತೆ ಬುಲ್ಡೋಜರುಗಳು ಬಂದು ಆ ಓಡುದಾರಿಯ ಮೈಮೇಲೆ ಗುಣಾಕಾರ ಚಿಹ್ನೆಯ ಆಕಾರದಲ್ಲಿ ದೊಡ್ಡ ದೊಡ್ಡ ಹಳ್ಳಗಳನ್ನು ತೋಡಿ ಹೋದವು. ಅಲ್ಲಿ ನಿಂತಿದ್ದ ವಿಮಾನಗಳು ಆಮೇಲೆ ಪಕ್ಕದ ಸಣ್ಣ ದಾರಿಯ ಮೇಲಿನಿಂದ ಹೇಗೋ ಹಾರಿಹೋಗಬೇಕಾಯಿತು. ಇಂದು ಅಲ್ಲಿ ಉದ್ಯಾನವಿದೆ. ಮೇಗ್ಸ್ ನಿಲ್ದಾಣದಿಂದ ಹಾರಬೇಕೆನ್ನುವವನು ಈಗ ಹಳೆಯ ಆಟವನ್ನೇ ತೆರೆಯಬೇಕು.

ಈ ಮಾತನ್ನು ನಾನು ಎತ್ತಿದುದಕ್ಕೆ ಒಂದು ಕಾರಣವುಂಟು. ನನ್ನ ಮೇಜಿನ ಮೇಲೆ ಹತ್ತು ವರ್ಷ ದಾಟಿದ ಲ್ಯಾಪ್‌ಟಾಪೊಂದಿದೆ. ಅದರ ಕೀಲಿಮಣೆಯ ಕೆಲವು ಅಕ್ಷರಗಳು ಸವೆದುಹೋಗಿವೆ. ಮಿಕ್ಕಂತೆ ಅದು ಆರೋಗ್ಯವಾಗಿಯೇ ಇದೆ. ಅದರಲ್ಲಿದ್ದುದು ವಿಂಡೋಸ್ 10. ಕಂಪ್ಯೂಟರಿನ ಯಂತ್ರಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್ ಅಂಥ ಒಂದು ವ್ಯವಸ್ಥೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ 11, ಟಿ.ಪಿ.ಎಂ. 2.0 ಎಂಬ ಭದ್ರತೆಯ ಏರ್ಪಾಡನ್ನೂ ಹೊಸ ತಲೆಮಾರಿನ ಸಂಸ್ಕಾರಕವನ್ನೂ ಬೇಡುತ್ತದೆ. ನನ್ನ ಯಂತ್ರದಲ್ಲಿ ಅವೆರಡೂ ಇಲ್ಲ. ಗೆಳೆಯರೊಬ್ಬರು ಅದನ್ನು ಕೈಗೆತ್ತಿಕೊಂಡು ನೋಡಿ, “ಇದನ್ನಿನ್ನು ಗುಜರಿಗೆ ಹಾಕಿಬಿಡಿ” ಎಂದರು. ಮುರಿಯದ, ಕೆಡದ, ದಿನವೂ ಕೆಲಸ ಮಾಡುತ್ತಿರುವ ವಸ್ತುವೊಂದನ್ನು, ದೂರದ ಕಚೇರಿಯೊಂದರಲ್ಲಿ ಒಂದು ದಿನಾಂಕ ಗೊತ್ತಾಯಿತೆಂಬ ಕಾರಣಕ್ಕೆ ಎಸೆಯುವುದು ನನಗೆ ಸರಿಯೆನಿಸಲಿಲ್ಲ. ನಮ್ಮ ಹಿರಿಯರು ಹಳೆಯ ಸೀರೆಯನ್ನು ಕೌದಿಯಾಗಿ ಹೊಲಿಸಿದವರು. ನಾನು ಆ ಯಂತ್ರಕ್ಕೆ ಲಿನಕ್ಸ್ ಹಾಕಿದೆ.

ಲಿನಕ್ಸಿನ ಕತೆ ನಿಮಗೆ ಸ್ವಲ್ಪ ತಿಳಿದಿರಬಹುದು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬ ತರುಣನು ಅದನ್ನು ಆರಂಭಿಸಿದನು. ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಳೆಯ ಯಂತ್ರಗಳನ್ನು ಅದು ದೂರ ತಳ್ಳುವುದಿಲ್ಲ. ಪತ್ರ ಬರೆಯುವುದಕ್ಕೆ, ಲೆಕ್ಕವಿಡುವುದಕ್ಕೆ, ಓದುವುದಕ್ಕೆ ಅದು ನನಗೆ ಸಾಕಾಯಿತು. ಸಾಲದೆ ಹೋದುದು ಒಂದಕ್ಕೆ ಮಾತ್ರ: ನನ್ನ ಬಳಿಯಿದ್ದ ವಿಮಾನದ ಆಟಗಳೆಲ್ಲ ವಿಂಡೋಸ್‌ಗಾಗಿ ರಚಿತವಾದವು.

“ಆಟ ತಾನೆ, ಹೋದರೆ ಹೋಗಲಿ” ಎನ್ನುವವರುಂಟು. ಈ ಮಾತಿಗೆ ನಾನು ತಲೆದೂಗಲಾರೆ. ವಿಮಾನದ ಅನುಕರಣೆಯು ಹುಟ್ಟಿದುದೇ ಆಟಿಕೆಗೂ ಪಾಠಶಾಲೆಗೂ ನಡುವಣ ಗಡಿಯಲ್ಲಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬವರ ತಂದೆಗೆ ಆರ್ಗನ್ ವಾದ್ಯಗಳನ್ನು ತಯಾರಿಸುವ ಕಾರ್ಖಾನೆಯಿತ್ತು. ವಾದ್ಯದೊಳಗೆ ಗಾಳಿಯನ್ನು ತುಂಬುವ ತಿದಿಗಳನ್ನೇ ಬಳಸಿ, 1929ರ ವೇಳೆಗೆ ಎಡ್ವಿನ್ ಲಿಂಕ್ ನೆಲದ ಮೇಲೆಯೇ ಓಲಾಡುವ, ತಿರುಗುವ, ಮೂತಿಯೆತ್ತುವ ಪುಟ್ಟ ವಿಮಾನವೊಂದನ್ನು ನಿರ್ಮಿಸಿದರು. ಮೊದಮೊದಲು ಅದನ್ನು ಕೊಂಡವರಲ್ಲಿ ಜಾತ್ರೆಯಂಥ ವಿನೋದದ ತಾಣಗಳನ್ನು ನಡೆಸುವವರೂ ಇದ್ದರು. ಕಾಸು ಕೊಟ್ಟವರನ್ನು ಕೂರಿಸಿ ನಲಿಸುವುದಕ್ಕಾಗಿ. 1934ರಲ್ಲಿ ಅಮೆರಿಕದ ಸೇನೆಯ ವಿಮಾನದಳವು ಅಂಚೆ ಸಾಗಿಸುವ ಹೊಣೆಯನ್ನು ಹೊತ್ತಿತು. ಮಂಜಿನಲ್ಲಿಯೂ ಇರುಳಿನಲ್ಲಿಯೂ ಉಪಕರಣಗಳನ್ನು ನೋಡಿಕೊಂಡೇ ಹಾರುವ ಅಭ್ಯಾಸ ಸಾಲದೆ ಕೆಲವೇ ವಾರಗಳಲ್ಲಿ ಹಲವು ಚಾಲಕರು ಪ್ರಾಣ ಕಳೆದುಕೊಂಡರು. ಆಗ ಸೇನೆಯು ಲಿಂಕರ ಆರು ಯಂತ್ರಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಲಕ್ಷಾಂತರ ಜನ ಅದೇ ‘ಆಟಿಕೆ’ಯೊಳಗೆ ಕುಳಿತು ಹಾರಾಟವನ್ನು ಕಲಿತಿದ್ದರು. ಕೆಳಗೆ ಬಿದ್ದರೂ ಸಾಯದೆ ಇರುವ ಸೌಕರ್ಯ ಎಷ್ಟು ದೊಡ್ಡದು ಎಂಬುದನ್ನು ಅವರು ಬಲ್ಲರು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ವಿಂಡೋಸ್‌ಗಾಗಿ ಮಾಡಿದ ಆಟ ಲಿನಕ್ಸಿನಲ್ಲಿ ಏಕೆ ನಡೆಯದು? ಯಂತ್ರ ಅದೇ, ಅದರ ಸಂಸ್ಕಾರಕವೂ ಅದೇ. ಕೂಡು, ಕಳೆ, ಹೋಲಿಸು ಎಂಬ ಮೂಲ ಆದೇಶಗಳನ್ನು ಸಂಸ್ಕಾರಕವು ಎರಡು ಕಡೆಯೂ ಒಂದೇ ರೀತಿಯಲ್ಲಿ ಅರಿಯುತ್ತದೆ. ತೊಡಕು ಇರುವುದು ಬೇರೆಡೆಯಲ್ಲಿ. ಆಟವು ತಾನೊಂದೇ ಏನನ್ನೂ ಮಾಡಲಾರದು. ಹೆಜ್ಜೆಹೆಜ್ಜೆಗೂ ಕಾರ್ಯಾಚರಣ ವ್ಯವಸ್ಥೆಯನ್ನು ಬೇಡುತ್ತಿರುತ್ತದೆ. ‘ಈ ಕಡತವನ್ನು ತೆರೆದುಕೊಡು’, ‘ಇಲ್ಲೊಂದು ಕಿಟಕಿಯನ್ನು ಬಿಡಿಸು’, ‘ಇಂಜಿನ್ನಿನ ಸದ್ದನ್ನು ಹೊರಡಿಸು’, ‘ಆಟಗಾರನ ಕೈ ಈಗ ಎತ್ತ ಬಾಗಿದೆ ಹೇಳು’ ಎಂದು ಕೇಳುತ್ತದೆ. ವಿಂಡೋಸ್ ಆಟವು ಈ ಬೇಡಿಕೆಗಳನ್ನು ವಿಂಡೋಸಿನ ಮಾತಿನಲ್ಲಿ ಇಡುತ್ತದೆ. ಲಿನಕ್ಸಿಗೆ ಆ ಮಾತು ತಿಳಿಯದು. ಧಾರವಾಡದ ಸಂತೆಗೆ ಬಂದ ತಮಿಳು ವ್ಯಾಪಾರಿಯ ಸ್ಥಿತಿ ಇದು: ಸರಕೂ ಇದೆ, ಕೊಳ್ಳುವವರೂ ಇದ್ದಾರೆ, ನಡುವೆ ದುಭಾಷಿಯಿಲ್ಲ.

ಆ ದುಭಾಷಿಯ ಕೆಲಸವನ್ನು ಮಾಡುವ ತಂತ್ರಾಂಶದ ಹೆಸರು ವೈನ್. 1993ರಲ್ಲಿ ಇದರ ಕೆಲಸ ಮೊದಲಾಯಿತು. 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಎಂಬವರು ಅದರ ಮುಂದಾಳುತನ ವಹಿಸಿದರು. ಇನ್ನೊಂದು ಯಂತ್ರವನ್ನೇ ಅಣಕಿಸಿ ನಿಲ್ಲಿಸುವ ವಿಧಾನ ತಮ್ಮದಲ್ಲವೆಂದು ಅದರ ಕರ್ತೃಗಳು ಹೆಸರಿನಲ್ಲಿಯೇ ಸಾರಿದ್ದಾರೆ. ವೈನ್ ಮಾಡುವುದಿಷ್ಟು: ಆಟವು ವಿಂಡೋಸಿನ ಮಾತಿನಲ್ಲಿ ಒಂದನ್ನು ಕೇಳಿದೊಡನೆ ಅದನ್ನು ಲಿನಕ್ಸಿನ ಮಾತಿಗೆ ತಿರುಗಿಸುತ್ತದೆ, ಬಂದ ಉತ್ತರವನ್ನು ಮತ್ತೆ ವಿಂಡೋಸಿನ ಮಾತಿನಲ್ಲಿ ಒಪ್ಪಿಸುತ್ತದೆ. ನಿಮ್ಮ ಕಡತಗಳ ನಡುವೆ ಒಂದು ಗೂಡನ್ನು ಕಟ್ಟಿ ಅದನ್ನೇ ‘ಸಿ’ ಡ್ರೈವ್ ಎಂದು ಆಟಕ್ಕೆ ತೋರಿಸುತ್ತದೆ. ತಾನು ಪರದೇಶದಲ್ಲಿದ್ದೇನೆಂಬುದು ಆಟಕ್ಕೆ ಗೊತ್ತೇ ಆಗುವುದಿಲ್ಲ.

ಕೇಳುವುದಕ್ಕೆ ಇದು ಸುಲಭ. ಆದರೆ ಈ ಕೆಲಸ ಆರಂಭವಾದ ಮೇಲೆ ಅದರ 1.0 ಆವೃತ್ತಿ ಹೊರಬೀಳುವುದಕ್ಕೆ 15 ವರ್ಷ ಹಿಡಿಯಿತು. ಅದು ಬಂದುದು 2008ರ ಜೂನ್ ತಿಂಗಳಲ್ಲಿ. ಏಕೆಂದರೆ ವಿಂಡೋಸಿನ ಒಳಬರಹವನ್ನು ನೋಡುವ ಅಧಿಕಾರ ಇವರಿಗಿರಲಿಲ್ಲ. ಹೊರಗೆ ನಿಂತು, ಹೀಗೆ ಕೇಳಿದರೆ ಹಾಗೆ ಉತ್ತರ ಬರುತ್ತದೆ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿ, ಅದೇ ಉತ್ತರವನ್ನು ಕೊಡುವ ತಮ್ಮದೇ ಬರಹವನ್ನು ಅವರು ಸಿದ್ಧಪಡಿಸಬೇಕಾಗಿತ್ತು. ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಕಾವ್ಯವನ್ನು ಅನುವಾದಿಸುವವನು ಮೂಲದಲ್ಲೊಂದು ತಪ್ಪು ಕಂಡರೆ ಮೆಲ್ಲನೆ ತಿದ್ದಿಬಿಡಬಹುದು. ಓದುಗನು ಸಂತೋಷವನ್ನೇ ಪಡುತ್ತಾನೆ. ವೈನ್‌ಗೆ ಆ ಸ್ವಾತಂತ್ರ್ಯವಿಲ್ಲ. ವಿಂಡೋಸಿನಲ್ಲಿ ಒಂದು ದೋಷವಿದ್ದು, ಆಟವೊಂದು ಆ ದೋಷವನ್ನೇ ನಂಬಿಕೊಂಡು ರಚಿತವಾಗಿದ್ದರೆ, ದುಭಾಷಿಯು ದೋಷವನ್ನೂ ಹಾಗೆಯೇ ದಾಟಿಸಬೇಕು. ತಿದ್ದಿದರೆ ಆಟ ನಿಲ್ಲುತ್ತದೆ. ಇಂಥ ಸಾವಿರಾರು ಚಿಕ್ಕಪುಟ್ಟ ಹಟಗಳನ್ನು ತಾಳ್ಮೆಯಿಂದ ಒಲಿಸಿಕೊಂಡವರಲ್ಲಿ ಬಹುಮಂದಿ ತಮ್ಮ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿದವರು. ಅವರ ಹೆಸರು ಆಟಗಾರರಲ್ಲಿ ಯಾರಿಗೂ ಗೊತ್ತಿಲ್ಲ.

ಮೂರು ಆಯಾಮಗಳ ಚಿತ್ರಗಳು ಇನ್ನೊಂದು ದೊಡ್ಡ ತಡೆಯಾಗಿದ್ದವು. ಬೆಟ್ಟ, ಮೋಡ, ರೆಕ್ಕೆಯ ಮೇಲಿನ ಬಿಸಿಲು ಇವನ್ನು ಬಿಡಿಸುವುದಕ್ಕೆ ವಿಂಡೋಸ್ ಆಟಗಳು ಡೈರೆಕ್ಟ್‌ತ್ರೀಡಿ ಎಂಬ ವಿಧಾನವನ್ನು ಬಳಸುತ್ತವೆ. 2016ರಲ್ಲಿ ವಲ್ಕನ್ ಎಂಬ, ಎಲ್ಲ ವ್ಯವಸ್ಥೆಗಳಿಗೂ ಒಗ್ಗುವ ವಿಧಾನ ಬಂದ ಮೇಲೆ, ಫಿಲಿಪ್ ರೆಬೋಲೆ ಎಂಬ ಯುವಕರು ಮೊದಲನೆಯದನ್ನು ಎರಡನೆಯದಕ್ಕೆ ತಿರುಗಿಸುವ ತಂತ್ರಾಂಶವನ್ನು ರಚಿಸಿದರು. 2018ರ ಆಗಸ್ಟ್‌ನಲ್ಲಿ ಆಟಗಳ ಮಾರಾಟ ಮಾಡುವ ವಾಲ್ವ್ ಸಂಸ್ಥೆಯು ವೈನನ್ನೂ ಇದನ್ನೂ ಕೂಡಿಸಿ ಪ್ರೋಟಾನ್ ಎಂಬ ಹೆಸರಿನಲ್ಲಿ ಹೊರತಂದಿತು. ಇದನ್ನು ದಾನವೆಂದು ತಿಳಿಯಬೇಕಾಗಿಲ್ಲ. 2022ರಲ್ಲಿ ಆ ಸಂಸ್ಥೆಯೇ ಕೈಯಲ್ಲಿ ಹಿಡಿದು ಆಡುವ ಒಂದು ಯಂತ್ರವನ್ನು ಮಾರತೊಡಗಿತು, ಅದರೊಳಗಿದ್ದುದು ಲಿನಕ್ಸ್, ಜನರ ಬಳಿಯಿದ್ದ ಆಟಗಳು ವಿಂಡೋಸಿನವು. ಲಾಭಕ್ಕಾಗಿ ಹಾಕಿದ ಹಣವಾದರೂ ಅದರ ಫಲ ನನ್ನ ಹಳೆಯ ಲ್ಯಾಪ್‌ಟಾಪಿನವರೆಗೂ ಹರಿದುಬಂದಿತು.

ಇಷ್ಟೆಲ್ಲ ಇದ್ದರೂ ಮೊದಲ ದಿನ ನನಗೆ ಕಾದಿದ್ದುದು ಅವಮಾನ. ಆಟ ತೆರೆಯಿತು, ವಿಮಾನ ಓಡುದಾರಿಯ ಮೇಲೆ ನಿಂತಿತು, ಇಂಜಿನ್ ಗುಡುಗಿತು. ಹಿಡಿಕೋಲಿನ ಪಕ್ಕದ ಸನ್ನೆಯನ್ನು ಮುಂದಕ್ಕೆ ತಳ್ಳಿ ವೇಗವನ್ನು ಹೆಚ್ಚಿಸಹೊರಟರೆ ವಿಮಾನವು ಎಡಕ್ಕೆ ಹೊರಳಿ ಹುಲ್ಲಿನೊಳಗೆ ನುಗ್ಗಿತು. ಮತ್ತೆ ತಂದು ನಿಲ್ಲಿಸಿದೆ, ಮತ್ತೆ ಹುಲ್ಲು. ನಾಲ್ಕನೆಯ ಸಲಕ್ಕೆ ಕಾರಣ ಹೊಳೆಯಿತು. ಹಿಡಿಕೋಲಿಗೆ ಮುಂದೆ-ಹಿಂದೆ, ಎಡ-ಬಲ, ತಿರುಚು, ವೇಗ ಎಂದು ನಾಲ್ಕು ಚಲನೆಗಳುಂಟು. ನಡುವಣ ದುಭಾಷಿಯು ಅವನ್ನು ಎಣಿಸಿದ ಕ್ರಮ ಬೇರೆ, ಆಟವು ನಿರೀಕ್ಷಿಸಿದ ಕ್ರಮ ಬೇರೆ. ಹೀಗಾಗಿ ನಾನು ವೇಗವೆಂದು ತಳ್ಳಿದುದು ಚುಕ್ಕಾಣಿಗೆ ತಲುಪಿತ್ತು. ಆಟದ ಪಟ್ಟಿಯಲ್ಲಿ ಎರಡನ್ನೂ ಅದಲುಬದಲು ಮಾಡಿದ ಮೇಲೆ ವಿಮಾನ ಹೇಳಿದಂತೆ ಕೇಳಿತು. ಈ ಒಂದು ಸಂಜೆಯಲ್ಲಿ ಯಂತ್ರದ ಒಳಗುಟ್ಟನ್ನು ನಾನು ಕಲಿತಷ್ಟು, ಎಲ್ಲವೂ ಸರಿಯಾಗಿ ನಡೆದಿದ್ದ ಅಷ್ಟು ವರ್ಷಗಳಲ್ಲಿ ಕಲಿತಿರಲಿಲ್ಲ.

ಎರಡನೆಯ ತೊಂದರೆ ಬಿಸಿಯದು. ಪರದೆಯ ಮೇಲಿನ ಚಿತ್ರವು ಸೆಕೆಂಡಿಗೆ ಸುಮಾರು 30 ಬಾರಿಯಾದರೂ ಬದಲಾಗುತ್ತಿದ್ದರೆ ಹಾರಾಟ ನುಣುಪಾಗಿ ತೋರುತ್ತದೆ. ಅದಕ್ಕಿಂತ ಬಹಳ ಕೆಳಗಿಳಿದರೆ, ನೆಲ ಹತ್ತಿರವಾಗುತ್ತಿರುವ ವೇಳೆಯಲ್ಲಿಯೇ ಕೈಗೂ ಕಣ್ಣಿಗೂ ಹೊಂದಿಕೆ ತಪ್ಪುತ್ತದೆ. ಲ್ಯಾಪ್‌ಟಾಪಿನ ಕಿರಿದಾದ ಒಡಲಿನಲ್ಲಿ ಶಾಖ ಹೆಚ್ಚಾದೊಡನೆ ಸಂಸ್ಕಾರಕವು ತನ್ನ ರಕ್ಷಣೆಗಾಗಿ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಇದಕ್ಕೆ ಲಿನಕ್ಸನ್ನೂ ವೈನನ್ನೂ ದೂರುವವರಿದ್ದಾರೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ನೆರಳುಗಳನ್ನು ತೆಗೆದೆ, ಮೋಡಗಳನ್ನು ತೆಳುವಾಗಿಸಿದೆ, ಯಂತ್ರದ ಹಿಂಬದಿಯ ಕೆಳಗೆ ಎರಡು ಮರದ ತುಂಡುಗಳನ್ನಿಟ್ಟು ಗಾಳಿಯಾಡುವಂತೆ ಮಾಡಿದೆ. ಆ ಮರದ ತುಂಡುಗಳಿಂದ ಆದಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ.

ಎಲ್ಲ ಆಟಗಳೂ ಹೀಗೆ ಒಲಿಯುತ್ತವೆಂದು ನಾನು ಹೇಳುತ್ತಿಲ್ಲ. 2020ರಲ್ಲಿ ಬಂದ ‘ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್’ ಪ್ರೋಟಾನಿನ ಮೂಲಕ ಲಿನಕ್ಸಿನಲ್ಲಿಯೂ ಹಾರುತ್ತದೆ. ಆದರೆ ಅದು ಕಡಿಮೆಯೆಂದರೂ 150 ಗಿಗಾಬೈಟ್ ಜಾಗವನ್ನೂ 8 ಗಿಗಾಬೈಟ್ ಸ್ಮೃತಿಯನ್ನೂ ಒಳ್ಳೆಯ ಚಿತ್ರಫಲಕವನ್ನೂ ಕೇಳುತ್ತದೆ. ಭೂಮಿಯ ಚಿತ್ರಗಳನ್ನು ಅಂತರಜಾಲದಿಂದ ತರಿಸಿಕೊಳ್ಳುತ್ತಲೇ ಇರುತ್ತದೆ. ದುಭಾಷಿ ಎಷ್ಟೇ ಜಾಣನಾದರೂ ಬಡವನ ಚೀಲವನ್ನು ತುಂಬಿಸಲಾರ. ಮೋಸದಾಟವನ್ನು ತಡೆಯುವುದಕ್ಕಾಗಿ ವ್ಯವಸ್ಥೆಯ ಆಳದವರೆಗೆ ಇಳಿದು ನೋಡುವ ಕಾವಲು ತಂತ್ರಾಂಶಗಳುಳ್ಳ ಕೆಲವು ಆಟಗಳು ಲಿನಕ್ಸನ್ನು ಬಾಗಿಲಲ್ಲಿಯೇ ತಡೆಯುತ್ತವೆ. ವೈನಿನ ಹೊಸ ಆವೃತ್ತಿ ಬಂದಾಗ ನಿನ್ನೆ ನಡೆದ ಆಟ ಇಂದು ನಿಲ್ಲುವುದೂ ಉಂಟು. ಈ ಕಿರಿಕಿರಿ ಬೇಡವೆನ್ನುವವರನ್ನು ನಾನು ಹಳಿಯುವುದಿಲ್ಲ.

ಅವರಿಗೊಂದು ಮಾತು ಹೇಳಬೇಕು: ದುಭಾಷಿಯ ನೆರವೇ ಬೇಡದ ಆಟಗಳೂ ಇವೆ. ‘ಫ್ಲೈಟ್‌ಗಿಯರ್’ ಎಂಬುದು 1990ರ ದಶಕದಿಂದ ಹಲವು ದೇಶಗಳ ಸ್ವಯಂಸೇವಕರು ಕೂಡಿ ಬೆಳೆಸುತ್ತಿರುವುದು. ಅದಕ್ಕೆ ಬೆಲೆಯಿಲ್ಲ, ಅದರ ಒಳಬರಹವೂ ತೆರೆದಿದೆ. ಆಸ್ಟಿನ್ ಮೇಯರ್ ಎಂಬವರು ರಚಿಸಿದ ‘ಎಕ್ಸ್-ಪ್ಲೇನ್’ ಹಣಕ್ಕೆ ಮಾರುವ ಸರಕಾದರೂ ಲಿನಕ್ಸಿಗಾಗಿಯೇ ಅದರ ಒಂದು ರೂಪವುಂಟು. ರೆಕ್ಕೆಯನ್ನೂ ಪಂಕವನ್ನೂ ಚಿಕ್ಕಚಿಕ್ಕ ತುಂಡುಗಳಾಗಿ ಭಾಗಿಸಿ, ಒಂದೊಂದು ತುಂಡಿನ ಮೇಲೂ ಗಾಳಿ ಎಷ್ಟು ಬಲ ಹಾಕುತ್ತಿದೆಯೆಂದು ಸೆಕೆಂಡಿಗೆ ಹಲವು ಬಾರಿ ಲೆಕ್ಕ ಹಾಕುವುದು ಅದರ ವೈಶಿಷ್ಟ್ಯ. ಹಾರಾಟದ ವಿಜ್ಞಾನವನ್ನು ಅರಿಯಬೇಕೆನ್ನುವ ನಿಮ್ಮಂಥವರು ಇವುಗಳಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿಯೂ ತೊಡಕಿಲ್ಲದೆ ಇಲ್ಲ. ವಿಂಡೋಸಿನಲ್ಲಿ ಕಡತದ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದರೂ ಚಿಕ್ಕಕ್ಷರದಲ್ಲಿ ಬರೆದರೂ ಒಂದೇ. ಲಿನಕ್ಸಿಗೆ ಅವೆರಡೂ ಬೇರೆ. ವಿಂಡೋಸಿನಲ್ಲಿ ಕುಳಿತು ಯಾರೋ ಅಜಾಗರೂಕತೆಯಿಂದ ಹೆಸರಿಟ್ಟ ನಿಲ್ದಾಣದ ಕಟ್ಟಡಗಳು ಲಿನಕ್ಸಿನಲ್ಲಿ ಕಾಣದೆ ಹೋಗುತ್ತವೆ. ನಮ್ಮ ಲಿಪಿಯಲ್ಲಿ ದೊಡ್ಡದು ಚಿಕ್ಕದೆಂಬ ಈ ಭೇದವೇ ಇಲ್ಲದಿರುವುದು ಎಂಥ ಭಾಗ್ಯವೆಂದು ಆಗ ಅನ್ನಿಸಿತು.

ಹಾಗಾದರೆ ಲಿನಕ್ಸಿನದೇ ಆಟಗಳಿರುವಾಗ ಹಳೆಯ ವಿಂಡೋಸ್ ಆಟಗಳ ಹಂಬಲವೇಕೆ? ಉತ್ತರ ಮೇಗ್ಸ್ ನಿಲ್ದಾಣದಲ್ಲಿದೆ. ಹೊಸ ಆಟಗಳು ಇಂದಿನ ಭೂಮಿಯನ್ನು ತೋರಿಸುತ್ತವೆ. ಹಳೆಯ ಆಟಗಳಲ್ಲಿ ಅಂದಿನ ಭೂಮಿ ಉಳಿದಿದೆ. ನಮ್ಮ ಬೆಂಗಳೂರನ್ನೇ ನೋಡಿ. ದೇವನಹಳ್ಳಿಯ ನಿಲ್ದಾಣ ತೆರೆದುದು 2008ರ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಊರಿಗೆ ಬರುವ ಪ್ರಯಾಣಿಕರ ವಿಮಾನಗಳೆಲ್ಲ ಇಳಿಯುತ್ತಿದ್ದುದು ಎಚ್.ಎ.ಎಲ್. ನಿಲ್ದಾಣದಲ್ಲಿ. 2006ರಲ್ಲಿ ಬಂದ ಆಟದಲ್ಲಿ ದೇವನಹಳ್ಳಿಯ ಕಡೆ ಹೋದರೆ ಇಳಿಯುವುದಕ್ಕೆ ನಿಲ್ದಾಣವಿಲ್ಲ. ಅಂದಿನ ಚಾಲಕನಂತೆ ನೀವೂ ಊರೊಳಗಿನ ಆ ಹಳೆಯ ಓಡುದಾರಿಯತ್ತಲೇ ಮೂತಿಯನ್ನು ತಿರುಗಿಸಬೇಕು.

ಇಂಥ ದಾಖಲೆಗಳು ತಾವಾಗಿ ಉಳಿಯುವುವೆಂದು ನಂಬುವಂತಿಲ್ಲ. ಹಳೆಯ ಆಟಗಳ ಡಿಸ್ಕುಗಳಲ್ಲಿ ನಕಲನ್ನು ತಡೆಯುವುದಕ್ಕಾಗಿ ಸೇಫ್‌ಡಿಸ್ಕ್ ಎಂಬ ಬೀಗವಿರುತ್ತಿತ್ತು. 2015ರಲ್ಲಿ ಬಂದ ವಿಂಡೋಸ್ 10, ಭದ್ರತೆಯ ದೃಷ್ಟಿಯಿಂದ, ಆ ಬೀಗದ ಕೀಲಿಯನ್ನೇ ಕೈಬಿಟ್ಟಿತು. ನ್ಯಾಯವಾಗಿ ಹಣ ಕೊಟ್ಟು ಕೊಂಡ ಡಿಸ್ಕನ್ನು ಕೈಯಲ್ಲಿ ಹಿಡಿದವನು ಹೊರಗೇ ಉಳಿದನು. ಮೊದಮೊದಲ ವಿಂಡೋಸ್ ಕಾಲದ 16 ಬಿಟ್ ತಂತ್ರಾಂಶಗಳ ಗತಿಯೂ ಅದೇ. 64 ಬಿಟ್ ವಿಂಡೋಸ್ ಅವನ್ನು ನಡೆಸುವುದೇ ಇಲ್ಲ. ಅವುಗಳಲ್ಲಿ ಎಷ್ಟೋ ವೈನಿನ ಆಶ್ರಯದಲ್ಲಿ ಲಿನಕ್ಸಿನ ಮೇಲೆ ಇಂದೂ ನಡೆಯುತ್ತವೆ. ಹೆತ್ತ ಮನೆ ಹೊರಹಾಕಿದ ಮಕ್ಕಳಿಗೆ ನೆರೆಮನೆಯಲ್ಲಿ ಊಟ ಸಿಕ್ಕಂತಾಯಿತು. ಈ ವಿಚಿತ್ರವನ್ನು ಕಂಡ ಮೇಲೆ, ವೈನನ್ನು ಬರಿಯ ಆಟಗಾರರ ಸಾಧನವೆಂದು ಕರೆಯಲು ನನಗೆ ಮನಸ್ಸು ಬಾರದು. ಓಲೆಗರಿಗಳಿಗೆ ಎಣ್ಣೆ ಸವರಿ ಕಾಯ್ದಿಡುವವರ ಸಾಲಿನಲ್ಲಿ ಅದಕ್ಕೂ ಒಂದು ಸ್ಥಾನವಿದೆ. ಕಾಲ ಮುಗಿಯಿತೆಂದು ಯಾರೋ ಸಾರಿದ ಯಂತ್ರವನ್ನೂ ಯಾರೋ ಮರೆತ ಆಟವನ್ನೂ ಒಟ್ಟಿಗೆ ಉಳಿಸುವ ಶ್ರಮವನ್ನು ವ್ಯರ್ಥವೆನ್ನುವವರು ತಾವು ಎಸೆದ ವಸ್ತುಗಳ ಪಟ್ಟಿಯನ್ನು ಒಮ್ಮೆ ಬರೆದು ನೋಡಲಿ.

ಗುಜರಿಯ ಮಾತನ್ನಾಡಿದ ಗೆಳೆಯರು ಕಳೆದ ತಿಂಗಳು ಮತ್ತೆ ಬಂದಿದ್ದರು. ಮರದ ತುಂಡುಗಳ ಮೇಲೆ ಕುಳಿತಿದ್ದ ಲ್ಯಾಪ್‌ಟಾಪನ್ನು ಕಂಡು ನಕ್ಕರು. ನಾನು ಏನನ್ನೂ ಹೇಳದೆ ಹಳೆಯ ಆಟವನ್ನು ತೆರೆದು ಹಿಡಿಕೋಲನ್ನು ಅವರ ಕೈಗಿತ್ತೆ. ಪರದೆಯ ಮೇಲೆ ಮೇಗ್ಸ್ ನಿಲ್ದಾಣ; ಬಲಕ್ಕೆ ಸರೋವರ, ಎಡಕ್ಕೆ ನಗರ. ಮೊದಲನೆಯ ಸಲ ನೀರಿಗೆ ಬಿದ್ದರು, ಎರಡನೆಯ ಸಲವೂ ಬಿದ್ದರು. ಮೂರನೆಯ ಸಲ ವಿಮಾನ ನೆಲ ಬಿಟ್ಟಿತು. ಕಟ್ಟಡಗಳ ಸಾಲನ್ನು ಸುತ್ತಿ ಬಂದು, “ಇಳಿಸುವುದು ಹೇಗೆ?” ಎಂದು ಕೇಳಿದರು. ಒಳಗಿನಿಂದ ಬಂದ ಕಾಫಿ ಅವರ ಮುಂದೆಯೇ ಆರುತ್ತಿತ್ತು.